ಓಡೋಡಿ ಮ್ಯೂಸಿಯಂ ನೋಡುವವರ ಪರವಾಗಿ

ಬೆಂಗಳೂರಿನ ಬ್ಲಾಗಿಗ ಗೆಳೆಯರೇ, ಇವತ್ತು ನಿಮ್ಮ ಜೊತೆ ಸ್ವಲ್ಪ ಜಗಳ ಆಡುವುದಿದೆ. ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ, ಕೊನೆಯವರೆಗೆ ಓದಿ :)

ನಿಮ್ಮಲ್ಲಿ ಹಲವರ ಬರಹಗಳಲ್ಲಿ ಒಂದು ಸಂಸಾರ ಆಗಾಗ ಬಂದು ಹೋಗುತ್ತದೆ. ಊರಿಂದ ಬಂದ ಸಂಸಾರ. ಅಪ್ಪ, ಅವ್ವ, ಮೂರು ಮಕ್ಕಳು, ಒಬ್ಬ ಅಜ್ಜಿ, ಕೈಯಲ್ಲಿ ವೈರಿನ ಬುಟ್ಟಿ. ಅವರು ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಬುತ್ತಿ ಬಿಚ್ಚುತ್ತಾರೆ. ವಿಧಾನಸೌಧದ ಎದುರು ಸಾಲಾಗಿ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ. ಮ್ಯೂಸಿಯಂ ಒಳಗೆ ಈ ಬಾಗಿಲಿಂದ ನುಗ್ಗಿ, ಹತ್ತು ನಿಮಿಷದಲ್ಲಿ ಆ ಬಾಗಿಲಿಂದ ಹೊರಗೆ ಬರುತ್ತಾರೆ. "ಅಷ್ಟು ದೂರದಿಂದ ಬಂದು ಇವರು ನೋಡಿದ್ದಾದರೂ ಏನು?" ಅಂತ ನಿಮ್ಮದೊಂದು ಪ್ರಶ್ನೆ, ಅದರ ಕೆಳಗೆ ನಾಲ್ಕು ಜನರ ನಗು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲಂತೂ ಆ ನಗುವಿಗೆ ಇನ್ನೊಂದು ಒಗ್ಗರಣೆ ಬಿದ್ದಿದೆ: "ಫ್ರೀ ಬಸ್ ಅಲ್ವಾ, ಬಂದಿರ್ತಾರೆ ಬಿಡಿ."

ಆ ಸಂಸಾರ ನಮ್ಮದು ಸ್ವಾಮಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯದು. ನೀವು ನಕ್ಕಿದ್ದು ನಮ್ಮ ದೊಡ್ಡವ್ವನನ್ನು ನೋಡಿ, ನಮ್ಮ ತಂಗಿ ಮಕ್ಕಳನ್ನು ನೋಡಿ. ಹಾಗಾಗಿ ಉತ್ತರ ಕೊಡುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ನಾನು ಹೇಳುವುದು ಇಷ್ಟೇ: ಅವರು ಓಡುತ್ತಿರುವುದು ನಿಜ. ಆದರೆ ಅವರನ್ನು ಓಡಿಸುತ್ತಿರುವುದು ನಿಮ್ಮ ಊರಿನ ಮ್ಯೂಸಿಯಂಗಳು.

ಮೊದಲು ಗಡಿಯಾರದ ಲೆಕ್ಕ

ನಮ್ಮ ಐದು ಊರುಗಳಿಂದ ಬೆಂಗಳೂರು ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್. ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವ ಐದಕ್ಕೆ ಮೆಜೆಸ್ಟಿಕ್. ವಾಪಸ್ ಬಸ್ಸು ಮತ್ತೆ ರಾತ್ರಿ ಹತ್ತಕ್ಕೆ. ಲಾಡ್ಜ್ ಮಾಡಲ್ಲ, ಯಾಕೆಂದರೆ ಆರು ಜನಕ್ಕೆ ಎರಡು ರೂಮು ಬೇಕು. ಅಲ್ಲದೆ ಮನೆಯಲ್ಲಿ ಎಮ್ಮೆ ಇದೆ, ಪಕ್ಕದ ಮನೆಯವರು ಒಂದು ದಿನ ಹಾಲು ಕರೆದುಕೊಟ್ಟಾರು, ಎರಡನೇ ದಿನ ಕೇಳುವುದಕ್ಕೆ ಮುಖ ಬೇಕಲ್ಲ!

ಅಂದರೆ ಈ ಸಂಸಾರ ನಿಮ್ಮ ನಗರದಲ್ಲಿ ಇರುವುದು ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ, ಹದಿನೇಳು ಗಂಟೆ. ಮ್ಯೂಸಿಯಂಗಳು ತೆರೆದಿರುವುದು ಹೆಚ್ಚುಕಡಿಮೆ ಹತ್ತರಿಂದ ಐದರವರೆಗೆ, ಏಳು ಗಂಟೆ. ಉಳಿದ ಹತ್ತು ಗಂಟೆ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಐದು ಗಂಟೆಯನ್ನು ಬಸ್‌ಸ್ಟ್ಯಾಂಡಿನಲ್ಲಿ ಮುಖ ತೊಳೆದು, ಚಾ ಕುಡಿದು, ಲಾಲ್‌ಬಾಗಿನ ಬಂಡೆ ಹತ್ತಿ ಇಳಿದು ಕಳೆಯಬೇಕು. ಸಂಜೆಯ ಐದು ಗಂಟೆಯನ್ನು ಫುಟ್‌ಪಾತಿನ ಕಟ್ಟೆ ಮೇಲೆ ಕೂತು ಕಳೆಯಬೇಕು. ನಡುವಿನ ಏಳು ಗಂಟೆಯೊಳಗೆ ಎರಡು ಮ್ಯೂಸಿಯಂ, ತಾರಾಲಯ, ವಿಧಾನಸೌಧ, ಊಟ, ಸಿಟಿ ಬಸ್ಸು, ಟ್ರಾಫಿಕ್ಕು, ಸಣ್ಣವನ ಒಂದಕ್ಕೆ-ಎರಡಕ್ಕೆ ಎಲ್ಲ ಆಗಬೇಕು. ತಾರಾಲಯದಲ್ಲಿ ಕನ್ನಡದ ಪ್ರದರ್ಶನದ ಹೊತ್ತು ತಪ್ಪಿತೋ, ಇಂಗ್ಲಿಷಿನದಕ್ಕೆ ಕೂರಬೇಕು. ಈಗ ಹೇಳಿ, ಓಡದೆ ಏನು ಮಾಡಬೇಕು?

ಫ್ರೀ ಬಸ್ಸಿನ ವಿಷಯಕ್ಕೂ ಬರುತ್ತೇನೆ. ಹೆಂಗಸರಿಗೆ ಶೂನ್ಯ ಟಿಕೆಟ್ ಸಿಗುವುದು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಾತ್ರ. ಸ್ಲೀಪರಿನಲ್ಲಿ ಇಲ್ಲ, ಏಸಿಯಲ್ಲಿ ಇಲ್ಲ. ಎಪ್ಪತ್ತರ ಅಜ್ಜಿ ರಾತ್ರಿಯಿಡೀ ಕೂತುಕೊಂಡೇ ಬರುತ್ತಾಳೆ. ಗಂಡಸರು ಪೂರ್ತಿ ಚಾರ್ಜು ಕೊಡುತ್ತಾರೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮ ಮನೆಗಳಲ್ಲಿ ಬೆಂಗಳೂರಿಗೆ ಹೋಗುವ ಮಾತು ಬಂದಾಗಲೆಲ್ಲ ಖರ್ಚಿನ ಲೆಕ್ಕ ಹಾಕಿ, ಕೊನೆಗೆ ಯಾರಾದರೂ ಒಬ್ಬ ಹೆಂಗಸು ಹೇಳುತ್ತಿದ್ದದ್ದು ಒಂದೇ ಮಾತು: "ನೀವು ಹೋಗಿಬರ್ರಿ, ನಾನು ಮನಿ ನೋಡ್ಕಂತೀನಿ." ಗಂಡಸರೂ ಗಂಡುಮಕ್ಕಳೂ ಹೋಗಿ ಬಂದು ವಿಧಾನಸೌಧ ಹೀಗಿತ್ತು, ಹಾಗಿತ್ತು ಅಂತ ಹೇಳುತ್ತಿದ್ದರು, ಅವರು ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ಹೀಗೆ ಮನೆ ನೋಡಿಕೊಂಡೇ ಎಷ್ಟು ಜನರ ಆಯುಷ್ಯ ಕಳೆಯಿತೋ. ಈಗ ಅವರು ಬಸ್ಸು ಹತ್ತಿದ್ದಾರೆ. ಜೀವಮಾನದಲ್ಲಿ ಮೊದಲ ಸಲ ರಾಜಧಾನಿ ನೋಡಲು ಬಂದ ಹೆಂಗಸಿನ ಬಗ್ಗೆ "ಫ್ರೀ ಅಲ್ವಾ" ಅಂತ ಬರೆಯುವ ಮೊದಲು ಅರೆಕ್ಷಣ ಯೋಚಿಸಿ. ಹೆಚ್ಚೇನೂ ಕೇಳುತ್ತಿಲ್ಲ.

ಆಮೇಲೆ ಸೋಮವಾರ

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಸೋಮವಾರ ಬೇಸಾಯವಿಲ್ಲ. ಅಂದರೆ ರೈತನಿಗೆ ವಾರದಲ್ಲಿ ಬಿಡುವು ಅಂತ ಒಂದಿದ್ದರೆ ಅದು ಸೋಮವಾರ. ಭಾನುವಾರ ಅವನಿಗೆ ಶನಿವಾರದಂತೆಯೇ ಇನ್ನೊಂದು ದುಡಿಮೆಯ ದಿನ.

ನಿಮ್ಮ ನಗರದಲ್ಲಿ ಯಾವ ದಿನ ರಜೆ? ತಾರಾಲಯಕ್ಕೆ ಸೋಮವಾರ ರಜೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ ರಜೆ. ಪ್ರಪಂಚದ ಬೇರೆ ಬೇರೆ ಊರುಗಳಲ್ಲೂ ಹೀಗೇ ಇದೆ, ಭಾನುವಾರ ಜನ ತುಂಬಿದ್ದರಿಂದ ಮರುದಿನ ಗುಡಿಸಿ ಒರೆಸಬೇಕು ಅನ್ನುತ್ತಾರೆ. ಸರಿ, ಗುಡಿಸಿ. ಆದರೆ ಎಲ್ಲರೂ ಒಂದೇ ದಿನ ಗುಡಿಸಬೇಕು ಅಂತ ಯಾರು ಹೇಳಿದರು? ಒಬ್ಬರು ಸೋಮವಾರ, ಇನ್ನೊಬ್ಬರು ಬುಧವಾರ ರಜೆ ಮಾಡಿದರೆ ಒಂದು ಪೈಸೆ ಖರ್ಚಿಲ್ಲ.

ವಿಧಾನಸೌಧದ್ದೂ ಇದೇ ಕಥೆ. 1951ರಲ್ಲಿ ಅಡಿಗಲ್ಲು ಬಿದ್ದು 1956ರಲ್ಲಿ ಮುಗಿದ ಕಟ್ಟಡ. ಪಾಸು ಕೊಡಿಸುವವರು ಯಾರೂ ಇಲ್ಲದ ಸಾಮಾನ್ಯರು ಅಲ್ಲಿಂದೀಚೆಗೆ ಎದುರಿನ ರಸ್ತೆಯಲ್ಲೇ ನಿಂತು ನೋಡಿದ್ದು. ಅದಕ್ಕೇ ಆ ಫೋಟೋ! ಒಳಗೆ ಬಿಡದಿದ್ದರೆ ಹೊರಗೆ ನಿಂತು ಫೋಟೋ ತೆಗೆಸಿಕೊಳ್ಳದೆ ಇನ್ನೇನು ಮಾಡುತ್ತಾರೆ? 2025ರ ಜೂನ್‌ನಲ್ಲಿ ಗೈಡ್ ಜೊತೆ ಒಳಗೆ ಸುತ್ತಾಡಿಸುವ ವ್ಯವಸ್ಥೆ ಶುರುವಾಯಿತು, ಸಂತೋಷ. ಆದರೆ ಅದು ಭಾನುವಾರ ಮತ್ತು ಎರಡನೇ, ನಾಲ್ಕನೇ ಶನಿವಾರಕ್ಕೆ, ಟಿಕೆಟ್ಟು ಆನ್‌ಲೈನಿನಲ್ಲಿ. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ದಿನಗಳನ್ನು ಆರಿಸಿದ್ದಾರೆ ಅಂತ ಬಿಡಿಸಿ ಹೇಳಬೇಕೇ?

ನಮಗೆ ನೋಡಲು ಬರುವುದಿಲ್ಲವಂತೆ

"ಹಳ್ಳಿಯವರಿಗೆ ಶಿಲ್ಪ ನೋಡುವ ಕಣ್ಣಿಲ್ಲ" ಅನ್ನುವುದು ಇನ್ನೊಂದು ಆರೋಪ. ನಮ್ಮ ಕಡೆ ಒಂದು ಗಾದೆ ಇದೆ, ಕೇಳಿದ್ದೀರಾ? "ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು." ಉಜ್ಜಿನಿಯ ಮರುಳಸಿದ್ದೇಶ್ವರನ ಗುಡಿಯನ್ನು ಹೊರಗಿನಿಂದ ನೋಡಿದರೆ ಅದರ ಕೆತ್ತನೆ ಗೊತ್ತಾಗಲ್ಲ, ಒಳಗೆ ಹೋಗಿ ತಲೆ ಎತ್ತಿ ನೋಡಬೇಕು. ಹಂಪಿಯನ್ನು ಬಯಲಿನಲ್ಲಿ ನಿಂತು ನೋಡಬೇಕು. ಯಾವುದನ್ನು ಎಲ್ಲಿ ನಿಂತು ನೋಡಬೇಕು ಅಂತ ಗಾದೆ ಕಟ್ಟಿದ ಜನಕ್ಕೆ ನೋಡಲು ಬರುವುದಿಲ್ಲವೇ?

ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯ ಮದನಿಕೆಯರು, ಮಾಗಳ, ಹಿರೇಹಡಗಲಿ, ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ... 1896ರಲ್ಲಿ ಅಲೆಕ್ಸಾಂಡರ್ ರೀ ಅನ್ನುವ ಅಧಿಕಾರಿ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಪುಸ್ತಕ ಬರೆದಾಗ ಬಳ್ಳಾರಿ ಜಿಲ್ಲೆಯ ಈ ಗುಡಿಗಳನ್ನೇ ಹಿಡಿದುಕೊಂಡು ಬರೆದ. ಆ ಗುಡಿಗಳ ಜಗಲಿಯಲ್ಲಿ ಆಡಿ ಬೆಳೆದವರು ನಾವು. ನಮ್ಮ ದೊಡ್ಡವ್ವ ಶಾಲೆಗೆ ಹೋದವಳಲ್ಲ. ಆದರೆ ಊರ ವೀರಗಲ್ಲಿನ ಮುಂದೆ ನಿಲ್ಲಿಸಿ ನನಗೆ ಓದಲು ಕಲಿಸಿದವಳು ಅವಳೇ. "ಕೆಳಗ ನೋಡು, ಜಗಳ. ನಡುವ ನೋಡು, ಸತ್ತವನ್ನ ದೇವತೇರು ಹೊತ್ಕಂಡು ಹೋಗ್ತಾರ. ಮ್ಯಾಲ ನೋಡು, ಶಿವನ ಮುಂದ ಕುಂತಾನ." ಕೆಳಗಿನಿಂದ ಮೇಲಕ್ಕೆ ಓದಬೇಕು ಅನ್ನುವುದು ನನಗೆ ಯಾವ ಪುಸ್ತಕದಿಂದಲೂ ತಿಳಿದದ್ದಲ್ಲ.

"ಗಲಾಟೆ ಮಾಡ್ತಾರೆ" ಅಂತ ಇನ್ನೊಂದು. ಭರತ ಹುಣ್ಣಿಮೆಯ ಹೊತ್ತಿಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಬನ್ನಿ. ಲಕ್ಷಗಟ್ಟಲೆ ಜನ. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂತ ಒಂದು ಕೂಗು ಹಾಕುತ್ತಾನೆ. ಅಷ್ಟು ದೊಡ್ಡ ಜಾತ್ರೆ ಒಮ್ಮೆಲೇ ಗಪ್‌ಚಿಪ್ಪಾಗುತ್ತದೆ. ಒಂದೇ ಒಂದು ವಾಕ್ಯದ ಕಾರಣಿಕ ಕೇಳುವುದಕ್ಕೆ! ಆ ಒಂದು ವಾಕ್ಯವನ್ನು ಜನ ವರ್ಷವಿಡೀ ಮಳೆ-ಬೆಳೆಗೆ ಹೊಂದಿಸಿ ಅರ್ಥ ಹಚ್ಚುತ್ತಾರೆ. ಹೇಳುವುದಕ್ಕೆ ಏನಾದರೂ ಇದೆ ಅಂತ ಗೊತ್ತಾದರೆ ನಮ್ಮ ಜನ ಸುಮ್ಮನಿರುತ್ತಾರೆ. ಮ್ಯೂಸಿಯಂನಲ್ಲಿ ಅವರಿಗೆ ಯಾರೂ ಏನನ್ನೂ ಹೇಳುತ್ತಿಲ್ಲ, ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ.

ಯಾವೂರ್ದು ಈ ಕಲ್ಲು?

ದೊಡ್ಡವ್ವನನ್ನು ಒಮ್ಮೆ ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಊರೂ ಬೇಡ, ಹೆಸರೂ ಬೇಡ. ಅಲ್ಲೊಂದು ವೀರಗಲ್ಲು. ಅವಳಿಗೆ ಹಳೇ ಪರಿಚಯದವರು ಸಿಕ್ಕಂತಾಯಿತು. ಸೆರಗು ಸರಿಮಾಡಿಕೊಂಡು ಕೈಮುಗಿದಳು. ಕಾವಲಿನವನು ನಕ್ಕ. ಅವಳು ಅವನನ್ನೇ ಕೇಳಿದಳು: "ಯಾವೂರ್ದಪ್ಪ ಈ ಕಲ್ಲು?" ಅವನು, "ಮುಟ್ಟಬೇಡಿ, ಮುಂದೆ ಹೋಗಿ" ಅಂದ. ಪಕ್ಕದ ಹಲಗೆಯಲ್ಲಿ ಎರಡು ಸಾಲು ಇಂಗ್ಲಿಷು: ಯಾವ ಶತಮಾನ, ಎಂಥ ಜಾತಿಯ ಕಲ್ಲು. ಊರ ಹೆಸರಿಲ್ಲ. ಯಾರು ಸತ್ತರು, ಯಾಕೆ ಸತ್ತರು ಅನ್ನುವುದಿಲ್ಲ. ದೊಡ್ಡವ್ವ ಮುಂದೆ ಹೋದಳು. ಆಮೇಲೆ ಅವಳು ಎಲ್ಲೂ ನಿಲ್ಲಲಿಲ್ಲ, ಓಡುವುದಕ್ಕೇ ಶುರುಮಾಡಿದಳು! ಆ ದಿನ ಅಲ್ಲಿದ್ದವರಲ್ಲಿ ಆ ಕಲ್ಲನ್ನು ಓದಬಲ್ಲವಳು ಬಹುಶಃ ಅವಳೊಬ್ಬಳೇ. ಅವಳನ್ನೇ ಮುಂದೆ ದಬ್ಬಿದರು.

ಕಥೆಗಳಿಗೇನು ಬರವೇ? ಬೆಂಗಳೂರಿನ ಸರಕಾರಿ ಮ್ಯೂಸಿಯಂ ಸಂಗ್ರಹದಲ್ಲಿ ಆತಕೂರಿನ ಕಲ್ಲಿದೆ, ಮದ್ದೂರು ಸೀಮೆಯದು, ಹತ್ತನೇ ಶತಮಾನದ್ದು. ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರ ಅನ್ನುವ ವೀರನಿಗೆ ಒಡೆಯ ಏನು ಬೇಕು ಕೇಳು ಅಂದ. ಅವನು ಹೊನ್ನು ಕೇಳಲಿಲ್ಲ, ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಅದರ ಮೇಲೆ ನಾಯಿ, ಹಂದಿ ಎರಡೂ ಇವೆ. ಇಷ್ಟನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಆರು ಸಾಲು ಬರೆದು ಹಾಕಿದರೆ, ಕೂಡ್ಲಿಗಿಯ ಯಾವ ಹುಡುಗ ಆ ಕಲ್ಲನ್ನು ದಾಟಿ ಓಡುತ್ತಾನೆ ನೋಡೋಣ. ಅವನ ಮನೆಯಲ್ಲೂ ಒಂದು ನಾಯಿ ಇರುತ್ತದೆ.

ನನ್ನ ಮಾತಿಗೆ ಸಾಕ್ಷಿ ಬೇಕೇ? ಕಸ್ತೂರಬಾ ರಸ್ತೆಯಲ್ಲೇ ಇದೆ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ. ಅಲ್ಲಿ ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ಹಿಡಿಕೆ ತಿರುಗಿಸಿದರೆ ದೀಪ ಹತ್ತುತ್ತದೆ. ವಾರದ ರಜೆಯೂ ಇಲ್ಲ, ಸೋಮವಾರವೂ ತೆರೆದಿರುತ್ತದೆ. ಅಲ್ಲಿ ನಮ್ಮ ಸಂಸಾರಗಳನ್ನು ಗಮನಿಸಿ. ಮಕ್ಕಳನ್ನು ಹೊರಗೆ ಎಳೆದುಕೊಂಡು ಬರಬೇಕಾಗುತ್ತದೆ. ಪಂಪ್‌ಸೆಟ್ ರಿಪೇರಿ ಮಾಡುವ ಅಪ್ಪ ಎಂಜಿನ್ನಿನ ಮುಂದೆ ನಿಂತು ಮಗನಿಗೆ ಪಾಠ ಮಾಡುತ್ತಿರುತ್ತಾನೆ. ಅದೇ ಸಂಸಾರ, ಅದೇ ದಿನ, ಅದೇ ರಸ್ತೆ. ಇಲ್ಲಿ ನಿಲ್ಲುತ್ತಾರೆ, ಬೇರೆ ಕಡೆ ಓಡುತ್ತಾರೆ. ದೋಷ ಸಂಸಾರದ್ದಾಗಿದ್ದರೆ ಇಲ್ಲೂ ಓಡಬೇಕಿತ್ತಲ್ಲ?

"ಊರಲ್ಲೇ ಇಷ್ಟೆಲ್ಲ ಇರುವಾಗ..."

ನಿಮ್ಮ ಮುಂದಿನ ಪ್ರಶ್ನೆ ನನಗೆ ಗೊತ್ತು. ಬಾಗಳಿ, ಕುರುವತ್ತಿ, ಉಜ್ಜಿನಿ ಎಲ್ಲ ಮನೆ ಬಾಗಿಲಲ್ಲೇ ಇರುವಾಗ ಬೆಂಗಳೂರಿಗೆ ಯಾಕೆ ಬರಬೇಕು ಅಂತ. ಬೆಂಗಳೂರಿನವರು ಪ್ಯಾರಿಸ್ಸಿಗೆ ಹೋದಾಗ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಆಗ ನಮಗೆ ದೊಡ್ಡ ನಗರ ಅಂದರೆ ಮದ್ರಾಸು. ಅಲ್ಲಿ ಎಗ್ಮೋರಿನಲ್ಲಿರುವ, 1851ರಲ್ಲಿ ಶುರುವಾದ ಮ್ಯೂಸಿಯಂಗೆ ತಮಿಳರು 'ಸತ್ತ ಕಾಲೇಜು' ಅಂತಲೂ, ಮೃಗಾಲಯಕ್ಕೆ 'ಜೀವದ ಕಾಲೇಜು' ಅಂತಲೂ ತಮ್ಮ ಭಾಷೆಯಲ್ಲಿ ಹೆಸರಿಟ್ಟರು. ಹೆಸರಿಟ್ಟು ತಮ್ಮದು ಮಾಡಿಕೊಂಡರು. ಆ ಮ್ಯೂಸಿಯಂನ ಮೊದಲ ಮುಖ್ಯಸ್ಥ ಎಡ್ವರ್ಡ್ ಬಾಲ್ಫರ್ ಅನ್ನುವ ವೈದ್ಯನ ಒತ್ತಾಸೆಯಿಂದಲೇ 1865ರಲ್ಲಿ ಬೆಂಗಳೂರಿನ ಮ್ಯೂಸಿಯಂ ಹುಟ್ಟಿದ್ದು. ನಮ್ಮ ರಾಜ್ಯ ಬದಲಾಯಿತು, ಜಿಲ್ಲೆಯೂ ಬದಲಾಯಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಇಷ್ಟೆಲ್ಲದರ ನಡುವೆ 1953ರಿಂದ ಬದಲಾಗದೆ ಉಳಿದ ಒಂದೇ ವಿಳಾಸ ಅಂದರೆ ರಾಜಧಾನಿ. ಅದನ್ನು ನೋಡಲು ನಮ್ಮ ಮಕ್ಕಳಿಗೆ ಕಾರಣ ಬೇಕಾಗಿಲ್ಲ.

ಇನ್ನೊಂದು ಮಾತು, ಕೋಪ ಬೇಡ. ನೀವು ವಾರಾಂತ್ಯಕ್ಕೆ ಹಂಪಿಗೆ ಬರುತ್ತೀರಿ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಊರನ್ನು ಒಂದೇ ದಿನದಲ್ಲಿ ಮುಗಿಸುತ್ತೀರಿ. ಕಲ್ಲಿನ ರಥದ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತೀರಿ. (ಎಲ್ಲೋ ಕೇಳಿದ ಹಾಗಿದೆಯಲ್ಲ?) ಚಿತ್ರದುರ್ಗದಿಂದ ಹೊಸಪೇಟೆಗೆ ಬರುವ ಹೆದ್ದಾರಿ ಕೂಡ್ಲಿಗಿ ಮೇಲೇ ಹೋಗುತ್ತದೆ. ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮದ ಸ್ಮಾರಕ ಇದೆ ಅಂತ ಕಾರು ನಿಲ್ಲಿಸಿದವರು ನಿಮ್ಮಲ್ಲಿ ಎಷ್ಟು ಜನ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿತು, ಅತ್ತ ತಿರುಗಿದವರು ಎಷ್ಟು ಜನ? ನಿಮಗೂ ಸಮಯವಿಲ್ಲ, ಸೋಮವಾರ ಆಫೀಸಿದೆ. ನಮಗೆ ಅರ್ಥವಾಗುತ್ತದೆ. ನಾವು ನಿಮ್ಮನ್ನು ನೋಡಿ ನಕ್ಕು ಬರೆದಿಲ್ಲ.

ನಮ್ಮವರಿಗೂ ಎರಡು ಮಾತು

ಹೀಗಂತ ನಮ್ಮ ಕಡೆಯವರನ್ನು ಸುಮ್ಮನೆ ಬಿಡುವ ಹಾಗಿಲ್ಲ. ಶಾಲೆಯ ಪ್ರವಾಸದ ಪಟ್ಟಿಯಲ್ಲಿ ಒಂದೇ ದಿನಕ್ಕೆ ಎಂಟು ಸ್ಥಳ ಬರೆಯುವ ಮೇಷ್ಟ್ರುಗಳೇ, ನಾಲ್ಕು ಹೊಡೆದುಹಾಕಿ. ಹೂವಿನಹಡಗಲಿಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಮೊದಲು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ, ಬಾಗಳಿಗೆ ಕರೆದೊಯ್ಯಿರಿ. ಹಿರೇಹಡಗಲಿಯ ಹೆಸರು ಹೊತ್ತ ತಾಮ್ರಪಟ ಒಂದಿದೆ, ಪಲ್ಲವರ ಶಿವಸ್ಕಂದವರ್ಮನದು, ಪ್ರಾಕೃತ ಭಾಷೆಯದು, ಇತಿಹಾಸದ ದೊಡ್ಡ ಪುಸ್ತಕಗಳಲ್ಲೆಲ್ಲ ಬರುತ್ತದೆ. ಹಿರೇಹಡಗಲಿಯ ಶಾಲೆ ಗೋಡೆ ಮೇಲೆ ಅದರ ಒಂದು ಚಿತ್ರ ಇರಲಿ. ಮನೆಯ ಕಲ್ಲಿನ ಕಥೆ ಗೊತ್ತಿದ್ದ ಮಕ್ಕಳು ಪರವೂರಿನ ಕಲ್ಲಿಗೂ ಕಥೆ ಕೇಳುತ್ತಾರೆ.

ಹಾಗಾದರೆ ಆಗಬೇಕಾದ್ದೇನು?

ದುಡ್ಡಿನ ಕೆಲಸಗಳಲ್ಲ ಇವು.

1. ಒಂದು ನಗರದ ಮ್ಯೂಸಿಯಂಗಳು ಬೇರೆ ಬೇರೆ ದಿನ ರಜೆ ಮಾಡಲಿ.

2. ವಾರದಲ್ಲಿ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆರೆದಿರಲಿ. ರಾತ್ರಿ ಬಸ್ಸಿಗೆ ಕಾಯುವವರು ಫುಟ್‌ಪಾತಿನ ಬದಲು ಒಳಗೆ ಇರುತ್ತಾರೆ.

3. ಹಲಗೆಗಳಲ್ಲಿ ಮೊದಲು ಕನ್ನಡ, ಅಜ್ಜಿಗೆ ಮೊಮ್ಮಗಳು ದೂರದಿಂದ ಓದಿ ಹೇಳುವಷ್ಟು ದಪ್ಪ ಅಕ್ಷರ. ಊರು, ತಾಲ್ಲೂಕಿನ ಹೆಸರು ಕಡ್ಡಾಯ. ತನ್ನ ತಾಲ್ಲೂಕಿನ ಹೆಸರು ಕಂಡರೆ ಯಾರೂ ಓಡುವುದಿಲ್ಲ.

4. ಬ್ಯಾಗು ಇಡಲು ಜಾಗ, ಕುಡಿಯುವ ನೀರು, ಶೌಚಾಲಯ, ಬುತ್ತಿ ಬಿಚ್ಚಲು ನೆರಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದವರು ಹುಲ್ಲಿನ ಮೇಲೆ ಕೂರುವುದು ಕೂರಲು ಬೇರೆ ಜಾಗ ಇಲ್ಲದ್ದಕ್ಕೆ.

5. "ಮುಂದೆ ಹೋಗಿ" ಅನ್ನುವವರ ಜೊತೆಗೆ "ಇಲ್ಲಿ ನೋಡಿ" ಅನ್ನುವವರು ಒಬ್ಬರಾದರೂ ಇರಲಿ.

ಐದನೆಯದಕ್ಕೆ ಸರಕಾರದ ಆದೇಶವೇನೂ ಬೇಕಾಗಿಲ್ಲ. ನೀವೇ ಸಾಕು. ನಿಮಗೆ ಹಳಗನ್ನಡ ಓದಲು ಬರುತ್ತದೆ, ಶಾಸನದ ಬಗ್ಗೆ ಪುಟಗಟ್ಟಲೆ ಬರೆಯುತ್ತೀರಿ, ಮ್ಯೂಸಿಯಂ ನಿಮ್ಮ ಮನೆಯಿಂದ ಒಂದು ಸಿಟಿ ಬಸ್ಸಿನ ದೂರ. ಮುಂದಿನ ಸಲ ವೈರಿನ ಬುಟ್ಟಿಯ ಸಂಸಾರ ಕಂಡಾಗ ಮೊಬೈಲು ಕೆ��ಗಿಳಿಸಿ, ಹತ್ತಿರ ಹೋಗಿ "ಯಾವೂರ್ರಿ ನಿಮ್ದು?" ಅಂತ ಕೇಳಿ. ಆಮೇಲೆ ಒಂದೇ ಒಂದು ಕಲ್ಲಿನ ಕಥೆ ಹೇಳಿ. ಅವರು ಎಷ್ಟು ಹೊತ್ತು ನಿಲ್ಲುತ್ತಾರೆ ಅಂತ ಗಡಿಯಾರ ನೋಡಿಕೊಂಡು ಬಂದು ಇಲ್ಲಿ ಬರೆಯಿರಿ. ನನ್ನ ಮಾತು ಸುಳ್ಳಾದರೆ ಕೊಟ್ಟೂರಿಗೆ ಬನ್ನಿ, ಮಂಡಕ್ಕಿ-ಮಿರ್ಚಿ ನನ್ನ ಲೆಕ್ಕ. ನಿಜವಾದರೂ ಬನ್ನಿ :)

ಏನಂತೀರಿ?